ಅಟ್ಟದ ಮೇಲಿನ ಕತ್ತಿ

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಬಸ್ಸಿನಲ್ಲಿದ್ದೆ. ಫೋನ್ ಮಾಡಿದವನು ಅಜಾಕ್ಸ್. ಎರಡನೇ ಬಿ.ಎ.ಯಲ್ಲಿ ನನ್ನ ಗೆಳೆಯನಿಗೆ ಅಂಟಿದ ಹೆಸರು ಅದು.

ಆ ವರ್ಷ ಪರೀಕ್ಷೆಗೆ ಏನೇನಿತ್ತು ಅಂತ ಕೇಳಿದರೆ ಹೇಳಲಾರೆ. ಆದರೆ ಸಿಲೆಬಸ್‌ನಲ್ಲಿ ಇಲ್ಲದ ಸೋಫೋಕ್ಲಿಸ್‌ನ ‘ಅಜಾಕ್ಸ್’ ನಾಟಕವನ್ನು ಮೇಷ್ಟ್ರು ಕೊನೆಯ ಪೀರಿಯಡ್‌ನಲ್ಲಿ ಹೇಳಿದ್ದು ಹಾಗೇ ನೆನಪಿದೆ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲಿಸ್ ಸತ್ತ. ಅವನ ಆಯುಧ, ಕವಚ ತನಗೇ ಬರಬೇಕು ಅಂತಿದ್ದ ಅಜಾಕ್ಸ್. ಅವು ಒಡಿಸ್ಸಿಯಸ್ ಪಾಲಾದವು. ರಾತ್ರಿ ಗ್ರೀಕ್ ನಾಯಕರನ್ನೇ ಕಡಿಯಲು ಹೊರಟವನಿಗೆ ಅಥೀನಾ ದೇವಿ ಮಂಕುಬೂದಿ ಎರಚಿದಳು. ಅವನು ಕಡಿದದ್ದು ದನ, ಕುರಿಗಳನ್ನು. ಬುದ್ಧಿ ತಿಳಿಯಾದಾಗ ಸುತ್ತಲೂ ರಕ್ತ. ಹಿಂದೊಮ್ಮೆ ಶತ್ರು ಹೆಕ್ಟರ್ ಉಡುಗೊರೆ ಕೊಟ್ಟಿದ್ದ ಕತ್ತಿಯನ್ನು ಮಣ್ಣಿನಲ್ಲಿ ನೆಟ್ಟು ಅದರ ಮೇಲೆ ಬಿದ್ದ. ‘ನೆಟ್ಟ’ ಅನ್ನುವಾಗ ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಬಿರುಕಿನಲ್ಲಿ ನಿಲ್ಲಿಸಿದರು. ಗಂಟೆ ಹೊಡೆದರೂ ನಾವು ಅದನ್ನೇ ನೋಡುತ್ತಾ ಕೂತಿದ್ದೆವು.

ಬಿ.ಎಂ.ಶ್ರೀಯವರು ಇದನ್ನೇ ‘ಅಶ್ವತ್ಥಾಮನ್’ ಮಾಡಿದರು, ಚಿರಂಜೀವಿ ಅನ್ನಿಸಿಕೊಂಡವನನ್ನೇ ಸಾಯಿಸಿದರು ಅಂತ ಹೇಳಿ ನಮ್ಮನ್ನು ಲೈಬ್ರರಿಗೆ ಓಡಿಸಿದ್ದೂ ಅವರೇ. ಅದರ ಹಳಗನ್ನಡ ನಮ್ಮ ನಾಲಿಗೆಗೆ ಹೊರಳಲಿಲ್ಲ. ಕಾಲೇಜ್ ಡೇಗೆ ಗ್ರೀಕ್ ನಾಟಕವನ್ನೇ ಆಡುಮಾತಿಗೆ ಇಳಿಸಿ, ಕೈಯಲ್ಲೇ ಬರೆದುಕೊಟ್ಟರು.

ಅಜಾಕ್ಸ್ ಪಾತ್ರ ನನಗೇ ಅಂದುಕೊಂಡಿದ್ದೆ. ಕ್ಲಾಸಿನಲ್ಲಿ ನನ್ನಷ್ಟು ಗಟ್ಟಿ ದನಿ ಯಾರಿಗೂ ಇರಲಿಲ್ಲ. ಮೇಷ್ಟ್ರು ಒಡಿಸ್ಸಿಯಸ್ ಕೊಟ್ಟರು. ಸಿಟ್ಟು ತಡೆಯಲಾಗಲಿಲ್ಲ. ನಾಟಕದ ಹಿಂದಿನ ರಾತ್ರಿ ಮರದ ಕತ್ತಿಯನ್ನು ಹಾಸ್ಟೆಲ್ ಅಡುಗೆಮನೆಯ ಅಟ್ಟದಲ್ಲಿ, ಸೌದೆಯ ಹಿಂದೆ ಬಚ್ಚಿಟ್ಟೆ. ಎಲ್ಲರೂ ಹುಡುಕಿದರು. ನಾನೂ ಹುಡುಕಿದೆ.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ನನ್ನೊಬ್ಬನನ್ನೇ ಕರೆದು, “ಮೊದಲನೇ ದೃಶ್ಯ ಓದಯ್ಯ” ಅಂದರು. ಹುಚ್ಚು ಹಿಡಿದ ಶತ್ರುವನ್ನು ನೋಡಿ ನಗು ಅಂತ ದೇವಿಯೇ ಹೇಳಿದರೂ ಅಲ್ಲಿ ಒಡಿಸ್ಸಿಯಸ್ ನಗುವುದಿಲ್ಲ. ಅಯ್ಯೋ ಅಂತಾನೆ. ಅವನ ಪಾಡಿನಲ್ಲಿ ನನ್ನ ಪಾಡೂ ಕಾಣುತ್ತಿದೆ ಅಂತಾನೆ. ಅರ್ಧಕ್ಕೇ ನನ್ನ ಗಂಟಲು ಕಟ್ಟಿತು. ಹೋಗಿ ಕತ್ತಿ ತಂದೆ. “ಮಸಿ ಒರೆಸು” ಅಂದರು, ಅಷ್ಟೇ.

ಮರುದಿನ ನಾಟಕದಲ್ಲಿ, ಅಜಾಕ್ಸ್‌ನ ಹೆಣ ಮಣ್ಣು ಮಾಡಲು ಬಿಡುವುದಿಲ್ಲ ಅಂತ ಗ್ರೀಕರ ಸೇನಾಪತಿ ಅಗಮೆಮ್ನಾನ್ ಹಟ ಹಿಡಿದ. ಶತ್ರುವಾಗಿದ್ದ ಒಡಿಸ್ಸಿಯಸ್ಸೇ ಸತ್ತವನ ಪರ ನಿಲ್ಲುವ ಜಾಗ ಅದು. ನೆಲದ ಮೇಲೆ ಮಲಗಿದ್ದ ಗೆಳೆಯನನ್ನು ನೋಡಿ ಮಾತಾಡಿದೆ, ನಟಿಸಬೇಕಾಗಿಯೇ ಬರಲಿಲ್ಲ. ಒಳ್ಳೆಯ ನಟ ಅಂತ ಬಹುಮಾನವೂ ನನಗೇ ಬಂತು. ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ಹೊಡೆದವನು ಅವನು. ಆ ಮಾತುಗಳನ್ನು ಇವತ್ತಿಗೂ ಒಂದೂ ತಪ್ಪದೆ ಹೇಳಬಲ್ಲೆ.

ನನ್ನ ಮಗಳೂ ಈಗ ಬಿ.ಎ. ಓದುತ್ತಿದ್ದಾಳೆ. ನೋಟ್ಸ್ ಮೊಬೈಲಿಗೇ ಬರುತ್ತದೆ. ಸೆಮಿಸ್ಟರ್ ಓಟದಲ್ಲಿ ಸುಮ್ನೆ ಒಂದು ಕಥೆ ಹೇಳುವಷ್ಟು ಬಿಡುವು ಮೇಷ್ಟ್ರುಗಳಿಗೇ ಇಲ್ಲ. ಬೇಜಾರಾಗುತ್ತದೆ.

ಮೇಷ್ಟ್ರ ಮನೆಗೆ ಇಬ್ಬರೂ ಹೋಗಿದ್ದೆವು. ಅಮ್ಮ ಕಪಾಟು ತೆಗೆದು, ಬೇಕಾದ್ದು ತಗೊಳ್ಳಿ ಅಂದರು. ನಮ್ಮ ನಾಟಕದ ಕೈಬರಹ ಸಿಕ್ಕಿತು. ಮೊದಲ ಹಾಳೆಯಲ್ಲಿ ಅಜಾಕ್ಸ್ ಎದುರು ನನ್ನ ಹೆಸರು ಬರೆದು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಒಡಿಸ್ಸಿಯಸ್ ಎದುರು ಮತ್ತೆ ಬರೆದಿದ್ದರು. ಗೆಳೆಯನಿಗೆ ತೋರಿಸಿದೆ. ಅವನು ತುಂಬಾ ಹೊತ್ತು ನೋಡಿ, ಹಾಳೆ ಮಡಚಿ ನನ್ನ ಜೇಬಿಗೇ ಇಟ್ಟ.