ಬದಿಯಡ್ಕದಿಂದ ಹ್ಯಾವ್‌ಲಾಕ್‌ಗೆ: ಎಂಟು ಜನ, ಒಂದು ಲೆಕ್ಕದ ಪುಸ್ತಕ

ಹೋಗೋಣ ಎಂದವರು 12 ಜನ. ಮುಂಗಡ ಕೊಟ್ಟವರು 8 ಜನ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಮುಳುಗುವುದು, ಎಂದ ಕೂಡಲೇ ಎಲ್ಲರೂ ತಲೆ ಆಡಿಸುತ್ತಾರೆ, ಅಡಿಕೆ ಮಾರಿದ ದುಡ್ಡು ಬರಲಿ ಎನ್ನುತ್ತಾರೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಹಾಗಾಗಿ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಮೊದಲ ದಿನವೇ ಹೇಳಿಬಿಟ್ಟೆ: ತಲೆಗೆ 15 ಸಾವಿರ ಮುಂಗಡ, ಕೊಟ್ಟವರ ಹೆಸರು ಮಾತ್ರ ಪಟ್ಟಿಯಲ್ಲಿ. ನಾಲ್ಕು ಜನ ಅಲ್ಲಿಗೇ ಮೆಲ್ಲಗೆ ಜಾರಿದರು. ಒಳ್ಳೆಯದೇ ಆಯಿತು. ವಿಮಾನದ ಟಿಕೆಟ್ ಆದ ಮೇಲೆ ಜಾರಿದ್ದರೆ ಅದೇ ದೊಡ್ಡ ಜಗಳ.

ಎರಡನೇ ಪ್ರಶ್ನೆ, ಯಾರು ಎಷ್ಟು ಮುಳುಗುತ್ತಾರೆ? ಇದನ್ನು ಊರಲ್ಲೇ ತೀರ್ಮಾನಿಸಿ. ಸುಮ್ನೆ ಒಮ್ಮೆ ನೋಡಬೇಕು ಎನ್ನುವವರಿಗೆ ಒಂದು ಡೈವ್ ಸಾಕು. ಇನ್‌ಸ್ಟ್ರಕ್ಟರ್ ಜೊತೆಗೇ ಇರುತ್ತಾರೆ, ಈಜು ಬರಬೇಕೆಂದಿಲ್ಲ, 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಓಪನ್ ವಾಟರ್ ಎಂಬ, ಡೈವಿಂಗ್ ಕಲಿಸುವ ಮೊದಲ ಹಂತದ ಕೋರ್ಸ್ ಮಾಡುವವರಿಗೆ ಮೂರು ನಾಲ್ಕು ದಿನ ಬೇಕು. ಮುಗಿಸಿದರೆ 18 ಮೀಟರ್ ತನಕ ಇಳಿಯುವ ಸರ್ಟಿಫಿಕೇಟ್ ಸಿಗುತ್ತದೆ, ಅದನ್ನು ಬೇರೆ ದೇಶದಲ್ಲೂ ಒಪ್ಪುತ್ತಾರೆ. ಆದರೆ 200 ಮೀಟರ್ ಈಜಬೇಕು, 10 ನಿಮಿಷ ನೀರಲ್ಲಿ ತೇಲಬೇಕು. ನಮ್ಮಲ್ಲಿ ತೋಟದ ಕೆರೆಯಲ್ಲಿ ಬೆಳೆದ ಇಬ್ಬರು ಕೋರ್ಸಿಗೆ ಸೇರಿದರು. ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನಿನಲ್ಲಿ ಓದಿ ಮುಗಿಸಿದ್ದರಿಂದ ಅಲ್ಲಿ ಒಂದು ದಿನ ಉಳಿಯಿತು. ಐದು ಜನ ಒಂದೇ ಡೈವ್ ಎಂದರು. ಒಬ್ಬನಿಗೆ ಚಿಕ್ಕಂದಿನಿಂದ ದಮ್ಮು. ಡೈವಿಗೆ ಮುಂಚೆ ತುಂಬುವ ಆರೋಗ್ಯದ ಫಾರ್ಮಿನಲ್ಲಿ ಅದರ ಪ್ರಶ್ನೆ ಇದೆ, ಹೌದು ಎಂದರೆ ಡಾಕ್ಟರ ಸಹಿ ಬೇಕು. ನಮ್ಮೂರ ಡಾಕ್ಟರು ಬೇಡ ಎಂದರು. ಅವನು ಆದರೂ ಬಂದ. ಸಮುದ್ರ ನೋಡಲು ಯಾರ ಸಹಿ ಬೇಕು ಅಲ್ವಾ?

ತಿಂಗಳು ಆರಿಸುವಾಗ ತೋಟ, ಶಾಲೆ, ಸಮುದ್ರ ಮೂರನ್ನೂ ಕೇಳಬೇಕು. ಡಿಸೆಂಬರ್ ಕೊನೆಯಲ್ಲಿ ಶಾಲೆಗೆ ರಜೆ, ಆದರೆ ಎಲ್ಲದಕ್ಕೂ ರೇಟು ಜಾಸ್ತಿ. ಮೇ ಕೊನೆಯಿಂದ ಅಲ್ಲಿ ಮಳೆ. ನಾವು ಫೆಬ್ರವರಿಯಲ್ಲಿ ಹೋದೆವು. ಸಮುದ್ರ ಶಾಂತ, ನೀರು ತಿಳಿ. ತೋಟಕ್ಕೆ ನೀರು ಬಿಡುವ ಕೆಲಸವನ್ನು ಮಾತ್ರ ತಮ್ಮಂದಿರಿಗೆ ಹೇರಿ ಹೊರಟೆವು.

ಕಾಸರಗೋಡಿನಿಂದ ಮಧ್ಯಾಹ್ನದ ಚೆನ್ನೈ ಮೇಲ್ ಹತ್ತಿದರೆ ಮರುದಿನ ಬೆಳಗ್ಗೆ ಚೆನ್ನೈ ಸೆಂಟ್ರಲ್. ಅಲ್ಲಿಂದ ಮೆಟ್ರೊದಲ್ಲಿ ನೇರ ವಿಮಾನ ನಿಲ್ದಾಣ, ಆಟೋದವರ ಜೊತೆ ಚೌಕಾಶಿಯೇ ಇಲ್ಲ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಒಂದು ಟಿಕೆಟಿನಲ್ಲಿ ಆರೇ ಜನ, ಹಾಗಾಗಿ ಎಂಟು ಜನಕ್ಕೆ ಎರಡು ಟಿಕೆಟ್. ನಾಲ್ಕು ನಾಲ್ಕಾಗಿ ಮಾಡಿ. ಆರು ಎರಡಾಗಿ ಮಾಡಿದ ನಮಗೆ, ಇಬ್ಬರು ಬೇರೆ ಡಬ್ಬಿಯಲ್ಲಿ ಮುಖ ಊದಿಸಿಕೊಂಡು ಕೂತದ್ದನ್ನು ನೋಡಬೇಕಾಯಿತು. ವಿಮಾನಕ್ಕೆ ಇನ್ನೊಂದು ಉಪಾಯ: ಎಂಟು ಸೀಟು ಒಟ್ಟಿಗೆ ಹುಡುಕಬೇಡಿ. ಕಡಿಮೆ ರೇಟಿನ ಸೀಟು ಮೂರೇ ಉಳಿದಿದ್ದರೆ ಎಂಟಕ್ಕೂ ಮೇಲಿನ ರೇಟು ತೋರಿಸುತ್ತದೆ. ಎರಡೆರಡಾಗಿ ಹುಡುಕಿ ನೋಡಿ. ರೈಲು ತಡವಾಗುವುದು ಮಾಮೂಲು, ಬೆಳಗಿನ ಮೊದಲ ವಿಮಾನ ಹಿಡಿಯುವ ಧೈರ್ಯ ಬೇಡ.

ಹೆಸರಿನ ಗೊಂದಲವೂ ಇದೆ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ. ವಿಮಾನ ಇಳಿಯುವ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟಿನಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ಗಾಬರಿ ಆಗಬೇಡಿ, ಊರು ಅದೇ.

ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮರುದಿನ ಹಡಗು. ಖಾಸಗಿ ಹಡಗು ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಸರ್ಕಾರಿಯದು ನಿಧಾನ, ದರ ಅರ್ಧಕ್ಕಿಂತ ಕಡಿಮೆ. ಹೋಗುವಾಗ ಖಾಸಗಿ, ಬರುವಾಗ ಸರ್ಕಾರಿ ಎಂದು ನಾವು ಮಾಡಿಕೊಂಡೆವು. ಸರ್ಕಾರಿ ಹಡಗಿನ ಮೇಲ್ಗಡೆ ನಿಂತು ಗಾಳಿ ಕುಡಿಯಬಹುದು, ನನಗೆ ಅದೇ ಇಷ್ಟ.

ಜೆಟ್ಟಿಯಲ್ಲಿ ಇಳಿದದ್ದೇ ತಡ, ಒಬ್ಬ ಬ್ರೋಕರ್ ಬೆನ್ನು ಹತ್ತಿದ. ಸ್ಕೂಬಾ ಎರಡೂವರೆ ಸಾವಿರಕ್ಕೆ! ನಾವು ಮಾತಾಡಿಟ್ಟದ್ದು 5 ಸಾವಿರಕ್ಕೆ. ನಮ್ಮ ಗುಂಪಿನ ಇಬ್ಬರು ನನ್ನನ್ನು ಕಳ್ಳನ ಹಾಗೆ ನೋಡಿದರು. ಸರಿ, ಕೇಳೋಣ ಎಂದು ನಿಂತೆ. ನೀರೊಳಗೆ ಎಷ್ಟು ಹೊತ್ತು? ಹತ್ತು ಹದಿನೈದು ನಿಮಿಷ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಅದಕ್ಕೆ ಉತ್ತರ ಬರಲಿಲ್ಲ. ಆರೋಗ್ಯದ ಫಾರ್ಮ್? ಅದೆಲ್ಲ ಬೇಡ ಸಾರ್. ಅಷ್ಟು ಕೇಳಿದ ಮೇಲೆ ಇಬ್ಬರೂ ಸುಮ್ಮನಾದರು. ಈ ಮೂರು ಪ್ರಶ್ನೆ ನೀವೂ ಕೇಳಿ. ಫಾರ್ಮ್ ಕೇಳದವರ ಹತ್ತಿರ ಸಿಲಿಂಡರ್ ಬೆನ್ನಿಗೆ ಏರಿಸಿಕೊಳ್ಳಬೇಡಿ. ದುಡ್ಡು ಉಳಿಸಬೇಕೆಂದರೆ ರೂಮಿನಲ್ಲಿ ಉಳಿಸಿ. ನಾವು ಏಸಿ ಬಿಟ್ಟೆವು, ಸಮುದ್ರಕ್ಕೆ ಅಂಟಿದ ಕಾಟೇಜು ಬಿಟ್ಟೆವು, ಒಳಗಿನ ರಸ್ತೆಯಲ್ಲಿ ಇಬ್ಬರಿಗೆ 1600 ರೂಪಾಯಿಯ ರೂಮು ಹಿಡಿದೆವು. ರೂಮಿನಲ್ಲಿ ಹೇಗೂ ಮಲಗುವುದು ಮಾತ್ರ.

ಕಿವಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ನೀರಲ್ಲಿ ಅದೇ ಅನುಭವ ಎರಡು ಮೀಟರಿಗೇ ಆಗುತ್ತದೆ. 10 ಮೀಟರ್ ಇಳಿದರೆ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು. ಮೂಗು ಒತ್ತಿ ಹಿಡಿದು ಮೆಲ್ಲಗೆ ಊದಬೇಕು, ಕಿವಿ ಬಿಡುತ್ತದೆ. ನೋವು ಶುರುವಾಗುವ ಮೊದಲೇ, ಮತ್ತೆ ಮತ್ತೆ ಮಾಡಬೇಕು. ಶೀತ ಇದ್ದರೆ ಬಿಡುವುದೇ ಇಲ್ಲ. ನಮ್ಮ ಒಬ್ಬ ಮೇಷ್ಟ್ರು ರೈಲಿನ ಕಿಟಕಿ ಪಕ್ಕ ರಾತ್ರಿಯಿಡೀ ಗಾಳಿಗೆ ಕೂತು ಶೀತ ಮಾಡಿಕೊಂಡಿದ್ದರು. ಹೇಳದೆ ನೀರಿಗೆ ಇಳಿದರು. ಮೂರು ಮೀಟರಿಗೆ ಕಿವಿ ಹಿಡಿದುಕೊಂಡು ಮೇಲೆ ಬಂದರು. ದುಡ್ಡು ವಾಪಸ್ ಇಲ್ಲ. ಮೊದಲೇ ಹೇಳಿದ್ದರೆ ಎರಡು ದಿನ ಮುಂದೆ ಹಾಕಬಹುದಿತ್ತು.

ಇನ್ನೊಂದು ನಿಯಮ: ಉಸಿರು ಹಿಡಿಯಬಾರದು. ಮೇಲೆ ಬರುತ್ತಿದ್ದ ಹಾಗೆ ಒತ್ತಡ ಇಳಿಯುತ್ತದೆ, ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಬಿಡದಿದ್ದರೆ ಶ್ವಾಸಕೋಶಕ್ಕೇ ಪೆಟ್ಟು. ಕೆರೆಯಲ್ಲಿ ಉಸಿರು ಕಟ್ಟಿ ಮುಳುಗಿ ಅಭ್ಯಾಸ ಇರುವ ನಮ್ಮಂಥವರಿಗೆ ಇದೇ ಕಷ್ಟ.

ಸಣ್ಣ ವಿಷಯಗಳೂ ಇವೆ. ದಪ್ಪ ಮೀಸೆ ಇದ್ದರೆ ಮಾಸ್ಕಿನೊಳಗೆ ನೀರು ಇಳಿಯುತ್ತದೆ, ಸ್ವಲ್ಪ ವ್ಯಾಸಲೀನ್ ಹಚ್ಚಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಇದೆಯಾ ಎಂದು ಮೊದಲೇ ಕೇಳಿ.

ಮಾತಿಲ್ಲದ ಜಾಗ ಅದು. ನಮ್ಮ ಭಾವ ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಮಾತಾಡುವ ಅರ್ಥಧಾರಿ, ಮನೆಯಲ್ಲೂ ಪೀಠಿಕೆ ಇಲ್ಲದೆ ನೀರು ಕೇಳುವವರಲ್ಲ. ಅವರನ್ನು ಅರ್ಧ ಗಂಟೆ ಬಾಯಿ ಮುಚ್ಚಿಸಿದ್ದು ಅಕ್ಕನಿಗೂ ಆಗದ ಕೆಲಸ. ಕೈಸನ್ನೆ ಮಾತ್ರ. ನೀಮೊ ರೀಫ್ ಎಂಬ ಜಾಗದಲ್ಲಿ ದಡದಿಂದಲೇ ನಡೆದು ಇಳಿಯುವುದು. ಕೆಳಗೆ ಕಿತ್ತಳೆ ಬಣ್ಣದ ಸಣ್ಣ ಮೀನುಗಳು, ಹೂವಿನ ಹಾಗೆ ಕಾಣುವ ಒಂದು ಕಡಲಜೀವಿಯ ಎಸಳೊಳಗೆ ನುಗ್ಗುತ್ತಾ, ಇಣುಕುತ್ತಾ ಇದ್ದವು. ಭಾವನಿಗೆ ಖುಷಿ ತಡೆಯಲಾಗಲಿಲ್ಲ, ಹೆಬ್ಬೆರಳು ಎತ್ತಿ ಸೂಪರ್ ಎಂದು ತೋರಿಸಿದರು. ಇನ್‌ಸ್ಟ್ರಕ್ಟರ್ ಕೂಡಲೇ ಅವರನ್ನು ಮೇಲೆ ಕರೆದುಕೊಂಡು ಬಂದರು. ನೀರೊಳಗೆ ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದು ಅರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಪಾಠದಲ್ಲಿ ಎರಡು ಸಲ ಹೇಳಿದ್ದರು. ಆಗ ಭಾವ ಮಾತಾಡುತ್ತಿದ್ದರು.

ಹವಳ ಮುಟ್ಟಬೇಡಿ, ದಡದಲ್ಲಿ ಬಿದ್ದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಊಟಕ್ಕೆ ತೊಂದರೆ ಇಲ್ಲ. ದ್ವೀಪದ ಜನ ಹೆಚ್ಚಾಗಿ ಬಂಗಾಳಿಗಳು, ಅನ್ನ ಮೀನು ಧಾರಾಳ. ನಮ್ಮ ಮೂವರು ಸಸ್ಯಾಹಾರಿಗಳು ಅನ್ನ, ದಾಲ್, ಮನೆಯ ಮಿಡಿ ಉಪ್ಪಿನಕಾಯಿಯಲ್ಲಿ ನಾಲ್ಕು ದಿನ ಕಳೆದರು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ನಗದು ಸ್ವಲ್ಪ ಇರಲಿ. ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಬೇಗ ಏಳುವ ನಮ್ಮ ಕಡೆಯವರಿಗೆ ಅದು ಒಗ್ಗುತ್ತದೆ.

ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಅಂತರ ಬೇಕು. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ. ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಬೇಗ ಆಕಾಶಕ್ಕೆ ಏರಿದರೆ ಅದು ಗುಳ್ಳೆಯಾಗಿ ಕಾಡುತ್ತದೆ. ಹಾಗಾಗಿ ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಿ, ಸೆಲ್ಯುಲರ್ ಜೈಲು ನೋಡಿ. ಈ ಒಂದು ದಿನ ನಮ್ಮನ್ನು ಇನ್ನೊಂದು ರೀತಿಯಲ್ಲೂ ಉಳಿಸಿತು. ಗಾಳಿ ಎದ್ದು ಬೆಳಗಿನ ಹಡಗು ರದ್ದಾಯಿತು. ಮಧ್ಯಾಹ್ನದ್ದರಲ್ಲಿ ಜಾಗ ಸಿಕ್ಕಿತು. ವಿಮಾನ ಅವತ್ತೇ ಇದ್ದಿದ್ದರೆ ಎಂಟು ಟಿಕೆಟೂ ನೀರಲ್ಲಿ ಹೋಮ.

ಲೆಕ್ಕ ಹೇಳಿಬಿಡುತ್ತೇನೆ. ಆರು ರಾತ್ರಿ, ರೈಲು, ವಿಮಾನ, ಹಡಗು, ರೂಮು, ಊಟ, ಬಾಡಿಗೆ ಸ್ಕೂಟರ್ ಎಲ್ಲ ಸೇರಿ ತಲೆಗೆ ಸುಮಾರು 26 ಸಾವಿರ. ಅದರಲ್ಲಿ ಅರ್ಧದಷ್ಟು ವಿಮಾನದ್ದೇ. ಒಂದು ಡೈವ್ ಮಾಡಿದವರಿಗೆ 31 ಸಾವಿರ ಆಯಿತು, ಕೋರ್ಸಿನ ಇಬ್ಬರಿಗೆ 54 ಸಾವಿರ. ಡೈವಿನ ಖರ್ಚನ್ನು ಸಾಮಾನ್ಯ ಲೆಕ್ಕಕ್ಕೆ ಸೇರಿಸಬೇಡಿ, ಅವರವರೇ ಕೊಡಲಿ. ಇಷ್ಟು ದೂರ, ಇಷ್ಟು ದುಡ್ಡು ಬೇಡ ಎನ್ನುವವರಿಗೆ ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲೂ ಡೈವ್ ಇದೆ. ನಮಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಧೈರ್ಯ ಇದೆಯಾ ಎಂದು ಅಲ್ಲಿ ಮೊದಲು ನೋಡಿಕೊಳ್ಳಬಹುದು.

ವಾಪಸ್ ಬರುವಾಗ ಪುಸ್ತಕದಲ್ಲಿ 340 ರೂಪಾಯಿ ಉಳಿದಿತ್ತು. ಕಾಸರಗೋಡು ಸ್ಟೇಷನ್ನಿನ ಹೊರಗೆ ಎಲ್ಲರೂ ಚಾ, ಗೋಳಿಬಜೆ ತಿಂದೆವು. 12 ರೂಪಾಯಿ ಕಡಿಮೆ ಬಿತ್ತು. ಅದನ್ನು ಮೇಷ್ಟ್ರು ಕೊಟ್ಟರು.