ಹಳಿ ಇದೆ, ರೈಲಿಲ್ಲ

ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಫಾರಿನ್ ಡೆಸ್ಕ್ ನನ್ನದು. ಕಳೆದ ವರ್ಷ ಜೂನ್‌ನ ಒಂದು ರಾತ್ರಿ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡು ಪ್ಯಾಕ್ಸ್, ಅಂದರೆ ಇಬ್ಬರು ಪ್ರಯಾಣಿಕರು. ರಿಟೈರ್ ಆದ ಮಾಷ್ಟ್ರು, ಅವರ ಹೆಂಡತಿ. ಕೆನಡಾದ ಯೋಹೊ ನ್ಯಾಷನಲ್ ಪಾರ್ಕ್ ಒಳಗಿರುವ ಫೀಲ್ಡ್‌ನಲ್ಲಿ ಎರಡು ರಾತ್ರಿ ಉಳಿಯಬೇಕು ಅಂತ ಅವರ ಆಸೆ. ಕೆನಡಿಯನ್ ಪೆಸಿಫಿಕ್ ರೈಲ್ವೆಯಿಂದಲೇ ಹುಟ್ಟಿದ ಊರು, ಇನ್ನೂರು ಜನವೂ ಇಲ್ಲ. ಮಾಷ್ಟ್ರಿಗೆ ಅಲ್ಲಿನ ಸ್ಪೈರಲ್ ಟನಲ್ ನೋಡಬೇಕಿತ್ತು. ಮೊದಲು ಆ ಘಾಟಿಯ ಇಳಿಜಾರು ಶೇ 4.5. ಗಾಡಿಗಳು ಹಿಡಿತಕ್ಕೆ ಸಿಗದೆ ಓಡಿಬಿಡುತ್ತಿದ್ದವು. 1909ರಲ್ಲಿ ಬೆಟ್ಟದೊಳಗೆ ಸುತ್ತು ಹಾಕುವ ಎರಡು ಸುರಂಗ ಮಾಡಿ ಅದನ್ನು 2.2ಕ್ಕೆ ಇಳಿಸಿದರು. ನಮ್ಮ ಸಕಲೇಶಪುರ ಘಾಟಿ ಶೇ 2, ಹೆಚ್ಚುಕಡಿಮೆ ಅಷ್ಟೇ ಅಲ್ವಾ?

ನಾನು ಎಡವಿದ್ದೂ ಅಲ್ಲೇ. ಘಾಟಿ, ರೈಲ್ವೆ ಊರು ಅಂದಕೂಡಲೇ ತಲೆಗೆ ಬಂದದ್ದು ಸುಬ್ರಹ್ಮಣ್ಯ ರೋಡ್. ಗಾಡಿ ನಿಲ್ಲದೇ ಇರುತ್ತದಾ? ಅವರು ಬ್ಯಾನ್ಫ್ ಎಂಬ ಊರಿನಿಂದ ಫೀಲ್ಡಿಗೆ ಹೋಗಬೇಕಿತ್ತು. ಸಂಜೆಯೊಳಗೆ ಕೋಟ್, ಅಂದರೆ ಟೂರಿನ ಪ್ಲಾನ್ ಮತ್ತು ರೇಟು, ಅವರಿಗೆ ಹೋಗಬೇಕು ಅಂತ ಬಾಸ್ ಬೆನ್ನು ಬಿದ್ದಿದ್ದರು. 'ಬ್ಯಾನ್ಫ್–ಫೀಲ್ಡ್ ಲೋಕಲ್ ಟ್ರೈನ್, ಟಿಕೆಟ್ ಸ್ಟೇಷನ್‌ನಲ್ಲಿ' ಅಂತ ಐಟಿನರಿಗೆ ಹಾಕಿಬಿಟ್ಟೆ.

ಅವರು ಟೂರಿಗೆ ಹೊರಟ ಮೇಲೆ, ಜೂನಿನ ಆ ರಾತ್ರಿ ಒಂಬತ್ತೂವರೆಗೆ ಬ್ಯಾನ್ಫ್ ಸ್ಟೇಷನ್ನಿನಿಂದ ಮಾಷ್ಟ್ರ ಫೋನ್. ಅಲ್ಲಿ ಬೆಳಗ್ಗೆ ಹತ್ತು.

"ಇಲ್ಲಿ ಫೀಲ್ಡಿಗೆ ರೈಲೇ ಇಲ್ಲ ಅಂತಾರಲ್ಲ ಮಾರಾಯ್ರೆ."

ಅಷ್ಟರಲ್ಲಿ ಫೋನಿನಲ್ಲಿ ಗಡಗಡ ಸದ್ದು. ರೈಲು ಬಂತು, ಬಚಾವಾದೆ ಅಂದುಕೊಂಡೆ. "ಗೂಡ್ಸು" ಅಂದರು ಮಾಷ್ಟ್ರು. ಅದು ಮುಗಿಯುವುದೇ ಇಲ್ಲ. ಅದು ದಾಟುವವರೆಗೂ ಇಬ್ಬರಿಗೂ ಮಾತಾಡಲು ಆಗಲಿಲ್ಲ. ನಾನು ಇತ್ತ ನೆಟ್ ಹುಡುಕುತ್ತಿದ್ದೆ. 1990ರಿಂದ ಆ ದಾರಿಯಲ್ಲಿ ಮಾಮೂಲು ಪ್ಯಾಸೆಂಜರ್ ಗಾಡಿಯೇ ಇಲ್ಲ. ಗೂಡ್ಸ್, ಸೀಸನ್‌ನಲ್ಲಿ ದುಬಾರಿ ಟೂರಿಸ್ಟ್ ರೈಲು, ಅಷ್ಟೇ. ಸದ್ದು ನಿಂತಾಗ ಮಾಷ್ಟ್ರು ಮೆಲ್ಲಗೆ ಹೇಳಿದರು: "ಇವಳಿಗೆ ಮೊಣಕಾಲು ನೋವು. ಸೂಟ್‌ಕೇಸ್ ಮೇಲೆ ಕೂತಿದ್ದಾಳೆ."

ಒಂದು ಬೈಗುಳ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ತಪ್ಪು ನನ್ನದೇ ಮಾಷ್ಟ್ರೇ, ಅಲ್ಲೇ ಇರಿ" ಅಂದೆ. ಟ್ಯಾಕ್ಸಿ ಸಿಗಲು ನಲವತ್ತು ನಿಮಿಷ ಹಿಡಿಯಿತು. ಎಂಬತ್ತು ಕಿಲೋಮೀಟರಿಗೂ ಜಾಸ್ತಿ ದಾರಿ. ಬಾಡಿಗೆ ನನ್ನ ಸಂಬಳದಿಂದ ಹೋಯಿತು. ಕೋಟ್‌ಗೆ ಅವಸರ ಮಾಡಿದವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

ಈಗ ನನ್ನ ಶೀಟಿನಲ್ಲಿ ಟ್ರಾನ್ಸ್‌ಫರ್ (ಊರಿಂದ ಊರಿಗೆ ಹೋಗುವ ಗಾಡಿ ವ್ಯವಸ್ಥೆ) ಪಕ್ಕ ಇನ್ನೊಂದು ಕಾಲಂ ಇದೆ: ಕನ್ಫರ್ಮ್ ಮಾಡಿದವರು ಯಾರು, ಯಾವತ್ತು. ಸುಮ್ನೆ ಟೈಮ್ ವೇಸ್ಟ್ ಅಂತಾರೆ ಬಾಸ್. ಅದು ತುಂಬದೆ ನಾನು ಕೋಟ್ ಕಳಿಸುವುದಿಲ್ಲ.