ನಾಲ್ಕು ಪೆನ್ನಿ ಹಾಸಿಗೆ

"ನಾಲ್ಕು ಕಾಸು ಯಾರೂ ಕೊಡ್ಲಿಲ್ವೇನೇ?"

ಶನಿವಾರ ಸಂಜೆ ಅತ್ತೆ ಕೇಳಿದ್ದು ಇಷ್ಟೇ. ಇವತ್ತು ಬುಧವಾರ. ಪಾತ್ರೆ ತೊಳೆಯುವಾಗ, ರೈಲಿನಲ್ಲಿ ನಿಂತಿರುವಾಗ ಮತ್ತೆ ಮತ್ತೆ ಅದೇ ಕೇಳಿಸುತ್ತಿದೆ.

ತಪ್ಪು ನನ್ನದೇ. ಬೀನ್ಸ್ ನಾರು ತೆಗೆಯುತ್ತಾ ಕೊಲೆ ಪಾಡ್‌ಕಾಸ್ಟ್ ಕೇಳುವ ಜಾತಿ ನನ್ನದು. ಲಂಡನ್ನಿಗೆ ಬಂದು ಆರು ವರ್ಷವಾದರೂ ಜ್ಯಾಕ್ ದ ರಿಪ್ಪರ್ ಟೂರ್ ಮಾಡಿಲ್ಲವಲ್ಲ ಎಂದು ಎರಡು ಟಿಕೆಟ್ ಮಾಡಿಸಿದ್ದೆ. 1888ರಲ್ಲಿ ಪೂರ್ವ ಲಂಡನ್ನಿನಲ್ಲಿ ಸಾಲಾಗಿ ಹೆಂಗಸರನ್ನು ಕೊಂದವನು ಅವನು; ಕೊಲೆಯಾದ ಜಾಗಗಳನ್ನು ನಡೆಸಿಕೊಂಡು ಹೋಗಿ ತೋರಿಸುತ್ತಾರೆ. ಯಜಮಾನರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಅವರಿಗೆ ರಕ್ತದ ಕಥೆ ಅಂದರೆ ಆಗುವುದಿಲ್ಲ, ಕ್ರಿಕೆಟ್ ಆದರೆ ರಾತ್ರಿಯಿಡೀ ಎದ್ದಿರುತ್ತಾರೆ. ದುಡ್ಡು ದಂಡವಾಗಬಾರದೆಂದು ತಿಪಟೂರಿನಿಂದ ಬಂದಿರುವ ಅತ್ತೆಯನ್ನು ಕರೆದುಕೊಂಡು ಹೊರಟೆ. "ಹಳೇ ಲಂಡನ್ ತೋರಿಸ್ತಾರೆ, ಬನ್ನಿ" ಎಂದಷ್ಟೇ ಹೇಳಿದ್ದೆ.

ಆಲ್ಡ್‌ಗೇಟ್ ಈಸ್ಟ್ ಸ್ಟೇಷನ್ನಿಗೆ ಬೇಗನೆ ಬಂದುಬಿಟ್ಟೆವು. ಪಕ್ಕದ ಆಲ್ತಾಬ್ ಅಲಿ ಪಾರ್ಕಿನಲ್ಲಿ ಕೂತೆವು. ಢಾಕಾದ ಶಹೀದ್ ಮಿನಾರಿನ ಚಿಕ್ಕ ಪ್ರತಿ ಅಲ್ಲಿದೆ. ಬಂಗಾಳಿ ಭಾಷೆಗಾಗಿ ಸತ್ತವರ ನೆನಪಿಗೆ ಎಂದೆ. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ಪಾರ್ಕಿಗೆ ಹೆಸರು ಯಾರದ್ದು ಎಂದು ಕೇಳಿದರು. ಬಟ್ಟೆ ಹೊಲಿಯುವ ಕೆಲಸ ಮಾಡುತ್ತಿದ್ದ ಬಂಗಾಳಿ ಹುಡುಗ, 1978ರ ಮೇ 4ರಂದು ಕೆಲಸ ಮುಗಿಸಿ ಮನೆಗೆ ಹೋಗುವಾಗ ಇಲ್ಲೇ ಚಾಕು ಹಾಕಿ ಕೊಂದರು ಎಂದೆ. ಬಣ್ಣ ನೋಡಿ ಕೊಂದಿದ್ದು. ಆಮೇಲೆ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಡೌನಿಂಗ್ ಸ್ಟ್ರೀಟಿನವರೆಗೂ ನಡೆದಿದ್ದರು. ಅರ್ಧ ಗಂಟೆಯಾದ ಮೇಲೆ ನಮ್ಮ ಗೈಡ್ ಆ ಕಡೆಯಿಂದಲೇ ಬಂದ. ಅದರ ಸುದ್ದಿ ಎತ್ತಲಿಲ್ಲ. 1888ಕ್ಕೆ ಹಾರಿದ.

ಗೈಡ್ ಕೆಟ್ಟವನಲ್ಲ ಬಿಡಿ. ಕಪ್ಪು ಕೋಟು, ನಾಟಕದ ಕಂಠ. ಸುತ್ತ ಇಪ್ಪತ್ತೈದು ಜನ. ನನ್ನ ಪಕ್ಕದಲ್ಲೊಬ್ಬ ಹುಡುಗನಿಗೆ ಅನುಮಾನಿತರ ಪಟ್ಟಿ ಪೂರ್ತಿ ಬಾಯಿಪಾಠ. ಕೊಸ್ಮಿನ್ಸ್‌ಕಿಯೋ ಡ್ರೂಯಿಟ್ಟೋ ಎಂದು ಗೈಡ್ ಜೊತೆಗೇ ವಾದಕ್ಕೆ ಬಿದ್ದ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಹುಶಃ ನನಗೂ ಆ ಪಟ್ಟಿ ಗೊತ್ತಿರುವುದಕ್ಕೇ ಇರಬೇಕು.

ಥ್ರಾಲ್ ಸ್ಟ್ರೀಟ್ ಹತ್ತಿರ ನಿಲ್ಲಿಸಿದ. ತುಂತುರು ಮಳೆ. ಎದುರಿಗೆ ಯಾರದ್ದೋ ಮನೆಯ ಕಿಟಕಿ, ಒಳಗೆ ಟಿವಿ ಬೆಳಕು. ಮೇರಿ ಆನ್ ನಿಕೋಲ್ಸ್ ಕಥೆ ಶುರುವಾಯಿತು. 43 ವರ್ಷ, ಐದು ಮಕ್ಕಳು, ಗಂಡನಿಂದ ದೂರ. ರಾತ್ರಿ ಮಲಗಲು ಛತ್ರದಂಥ ಲಾಡ್ಜಿಂಗ್ ಮನೆ, ಒಂದು ಹಾಸಿಗೆಗೆ ನಾಲ್ಕು ಪೆನ್ನಿ. ಆಗಸ್ಟ್ 31ರ ನಡುರಾತ್ರಿ ಕಳೆದ ಮೇಲೆ ಅವಳ ಕೈಯಲ್ಲಿ ಅಷ್ಟೂ ಇರಲಿಲ್ಲ. ಹೊರಗೆ ಕಳಿಸಿದರು. ದುಡ್ಡು ತರ್ತೀನಿ, ನೋಡಿ ಎಂಥ ಚೆಂದದ ಟೋಪಿ ಹಾಕ್ಕೊಂಡಿದ್ದೀನಿ ಎಂದು ನಗುತ್ತಾ ಹೋದಳಂತೆ. ಬೆಳಗಿನ ಜಾವ ಮೂರು ಮುಕ್ಕಾಲರ ಹೊತ್ತಿಗೆ ಬಕ್ಸ್ ರೋದಲ್ಲಿ ಹೆಣ ಸಿಕ್ಕಿತು.

ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಗಾಯದ ವಿವರ ಬಿಟ್ಟೆ. ಗೈಡ್ ಬಿಡಲಿಲ್ಲ, ಅವನಿಗೆ ಮುಖ್ಯವಾದದ್ದು ಅದೇ. ಆಗ ಅತ್ತೆ, ಸ್ವಲ್ಪ ಗಟ್ಟಿಯಾಗಿಯೇ, "ನಾಲ್ಕು ಕಾಸು ಯಾರೂ ಕೊಡ್ಲಿಲ್ವೇನೇ?"

"ಅವತ್ತು ಕೈಗೆ ಬಂದ ದುಡ್ಡು ಕುಡಿದು ಕಳೆದಿದ್ಲಂತೆ ಅತ್ತೆ."

"ಕುಡಿದ್ರೆ ಏನು? ಅಷ್ಟು ಹೊತ್ನಲ್ಲಿ ಹೆಣ್ಣೆಂಗಸನ್ನ ಬೀದಿಗೆ ಹಾಕ್ತಾರಾ?"

ಗೈಡ್ ನಿಲ್ಲಿಸಿ ನಮ್ಮ ಕಡೆ ತಿರುಗಿದ. ಏನು ಕೇಳ್ತಿದ್ದಾರೆ ಅವರು, ಎಂದ. ಎಲ್ಲರೂ ನೋಡುತ್ತಿದ್ದರು.

"ನಥಿಂಗ್" ಎಂದೆ.

ಯಾಕೆ ಹಾಗೆಂದೆ? ನಾಚಿಕೆ, ಇನ್ನೇನು. ಅತ್ತೆಯ ಸೀರೆ ಮೇಲಿನ ಸ್ವೆಟರ್, ಮಂಕಿ ಕ್ಯಾಪು, ಗಟ್ಟಿ ದನಿ. ಅವನು ತಲೆಯಾಡಿಸಿ ಮುಂದಿನ ಕೊಲೆಗೆ ಹೋದ.

ಕೊನೆಯ ನಿಲ್ದಾಣ ಮೈಟರ್ ಸ್ಕ್ವೇರ್. ಕ್ಯಾಥರೀನ್ ಎಡೋಸ್ ಸತ್ತ ಜಾಗ. ಕುಡಿದು ಬಿದ್ದಿದ್ದಳೆಂದು ಪೊಲೀಸರು ಹಿಡಿದು ಬಿಷಪ್ಸ್‌ಗೇಟ್ ಠಾಣೆಗೆ ಹಾಕಿದ್ದರು. ಹೆಸರು ಕೇಳಿದ್ದಕ್ಕೆ "ನಥಿಂಗ್" ಅಂದಳಂತೆ. ರಾತ್ರಿ ಒಂದಕ್ಕೆ ಬಿಟ್ಟರು, ಒಂದು ಮುಕ್ಕಾಲಿಗೆ ಹೆಣ. ಆ "ನಥಿಂಗ್"ಗೆ ಗುಂಪು ನಕ್ಕಿತು. ನನಗೆ ಎದೆ ಧಸಕ್ಕೆಂದಿತು.

ರಾತ್ರಿ ಮನೆಗೆ ಬಂದು ಅವಳ ಬಗ್ಗೆ ಓದಿದೆ. ಸತ್ತಾಗ ಅವಳ ಹತ್ತಿರ ಏನೇನಿತ್ತು ಎಂದು ಪೊಲೀಸರು ಬರೆದ ಪಟ್ಟಿ ಇದೆ. ಒಂದು ಡಬ್ಬಿಯಲ್ಲಿ ಟೀ ಪುಡಿ, ಇನ್ನೊಂದರಲ್ಲಿ ಸಕ್ಕರೆ. ಸಾಸಿವೆಯ ತಗಡಿನ ಡಬ್ಬಿಯಲ್ಲಿ ಎರಡು ಗಿರವಿ ಚೀಟಿ, ಒಂದು ಬೂಟಿನದು. ಅತ್ತೆಗೆ ಓದಿ ಹೇಳಿದೆ. ಅವರು ಬೇರೇನೂ ಹೇಳಲಿಲ್ಲ. ಓಲೆ ಅಡವಿಟ್ಟ ಚೀಟಿಯನ್ನು ತಾವು ಮೆಂತ್ಯದ ಡಬ್ಬಿಯಲ್ಲಿ ಇಡುತ್ತಿದ್ದದ್ದು ಮಾವನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ ಎಂದರು. ಹದಿನೈದು ವರ್ಷದಿಂದ ಸೊಸೆ ನಾನು, ನನಗೂ ಗೊತ್ತಿರಲಿಲ್ಲ.

ಇಷ್ಟು ವರ್ಷ ಕೇಳಿದ ಪಾಡ್‌ಕಾಸ್ಟುಗಳಲ್ಲಿ ಕೊಂದವರ ಬಾಲ್ಯ, ಓದು, ಕಣ್ಣಿನ ಬಣ್ಣ ಎಲ್ಲ ನೆನಪಿದೆ. ಸತ್ತವರ ಹೆಸರು ಕೇಳಿದರೆ ತಡವರಿಸುತ್ತೇನೆ. ಕೇಬಲ್ ಸ್ಟ್ರೀಟಿನಲ್ಲಿ ಮಹಿಳೆಯರ ಇತಿಹಾಸದ ಮ್ಯೂಸಿಯಂ ಅಂತ ಅನುಮತಿ ಪಡೆದು 2015ರಲ್ಲಿ ರಿಪ್ಪರ್ ಮ್ಯೂಸಿಯಂ ತೆರೆದಾಗ ಜನ ಬೀದಿಗಿಳಿದು ಗಲಾಟೆ ಮಾಡಿದ್ದರು. ಸರಿಯಾಗಿಯೇ ಮಾಡಿದರು ಅಂತ ಆಗಲೂ ಅನ್ನಿಸಿತ್ತು. ಆದರೆ ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ಎರಡು ಸ್ಕೂಟಿಯಲ್ಲಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಪಾಳು ಬಂಗಲೆಗೆ ದೆವ್ವ ನೋಡಲು ಹೋಗಿರಲಿಲ್ಲವಾ? ಒಳಗೆ ವಯಸ್ಸಾದ ಹೆಂಗಸೊಬ್ಬರ ಕೊಲೆಯಾಗಿತ್ತು. ಗೇಟಿಗೆ ಒರಗಿ ಕಡಲೆಕಾಯಿ ತಿಂದು, ಸಿಪ್ಪೆಯನ್ನು ಅಲ್ಲೇ ಒಳಗೆ ಎಸೆದು ಬಂದಿದ್ದೆವು. ಟಿಕೆಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಭಾನುವಾರ ಬೆಳಿಗ್ಗೆ ಅತ್ತೆ ತಂಗಿಗೆ ಫೋನ್ ಹಚ್ಚಿದ್ದರು. ಸ್ಪೀಕರ್ ಆನ್.

"ಹೊಸ ಟೋಪಿ ಹಾಕ್ಕೊಂಡು ಹೋದ್ಲಂತೆ ಕಣೇ. ನಾಲ್ಕು ಕಾಸು ಇಲ್ದೆ ಹೋಯ್ತು ಜೀವ."

"ಅಯ್ಯೋ ಪಾಪ. ಯಾರಕ್ಕಾ ಕೊಂದಿದ್ದು?"

"ಅದು ಯಾರಿಗೂ ಗೊತ್ತಿಲ್ವಂತೆ. ನಾನೂ ಕೇಳ್ಳಿಲ್ಲ" ಎಂದರು ಅತ್ತೆ. "ಅದಿರ್ಲಿ, ಕೊಬ್ಬರಿ ರೇಟ್ ಎಷ್ಟಾಗಿದೆ?"